ಅಲಾರಂ ಹಾಕಿ ಹೋಗುವವರೇ, ಬ್ಯಾಟರಿ ಬದಲಿಸಲು ಕಲಿಸಿ ಹೋಗಿ

ಮಾನ್ಯ ಸಂಪಾದಕರೇ,

ಕಳೆದ ವರ್ಷ ಶ್ರಾವಣದಲ್ಲಿ ನಮ್ಮ ಅತ್ತೆ ಬಚ್ಚಲುಮನೆಯಲ್ಲಿ ಜಾರಿ ಬಿದ್ದರು. ಅವರಿಗೆ 84 ವರ್ಷ. ಕೊರಳಲ್ಲಿ ದಾರಕ್ಕೆ ಪೋಣಿಸಿದ ಕೆಂಪು ಗುಂಡಿಯೊಂದು ಇತ್ತು. ಅದನ್ನು ಒತ್ತಿದರೆ ಜಗಲಿಯ ಸೈರನ್ ಕೂಗಬೇಕು, ನಮ್ಮ ಮೊಬೈಲಿಗೆ ಕರೆ ಬರಬೇಕು. ಅತ್ತೆ ಒತ್ತಿದರು. ಏನೂ ಕೂಗಲಿಲ್ಲ.

ಆ ದಿನ ಮಳೆ ಸ್ವಲ್ಪ ಬಿಡುವು ಕೊಟ್ಟಿತ್ತು. ಅಡಿಕೆಯ ಕೊಳೆರೋಗಕ್ಕೆ ಎರಡನೇ ಸಲದ ಔಷಧಿ ಹೊಡೆಯಲು ಜನ ಸಿಕ್ಕಿದ್ದರು. ಹಾಗೆ ಜನ ಸಿಕ್ಕ ದಿನ ಮಲೆನಾಡಿನಲ್ಲಿ ಯಾರೂ ಮನೆಯಲ್ಲಿ ಕೂರುವುದಿಲ್ಲ. ನಾನೂ ಯಜಮಾನರೂ ತೋಟದಲ್ಲೇ ಇದ್ದೆವು. ಸೈರನ್ ಕೂಗಿದರೆ ತೋಟಕ್ಕೆ ಕೇಳುತ್ತದೆ ಅನ್ನುವ ಧೈರ್ಯದ ಮೇಲೆ ಹೋಗಿದ್ದೆವು. ಹಿಂತಿರುಗಿ ಬರುವಾಗ ಹತ್ತಿರ ಹತ್ತಿರ ಎರಡು ಗಂಟೆ ಆಗಿತ್ತು. ಅತ್ತೆ ಒದ್ದೆ ನೆಲದ ಮೇಲೆ ಹಂಡೆಯ ಒಲೆಗೆ ಒರಗಿ ಕೂತಿದ್ದರು. ಎಡಗೈಯಲ್ಲಿ ಗುಂಡಿ ಹಿಡಿದೇ ಇದ್ದರು. "ಒತ್ತಿದೆ ಮಾರಾಯ್ತಿ, ಒತ್ತಿ ಒತ್ತಿ ಹೆಬ್ಬೆರಳು ನೋಯ್ತಿದೆ" ಅಂದರು. ಬಲಗೈ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತ್ತು. ಆರು ವಾರ ಪಟ್ಟಿ. ಈಗ ಗುಣವಾಗಿದ್ದಾರೆ, ಹೂಬತ್ತಿ ಹೊಸೆಯುತ್ತಾರೆ. ಆದರೆ ಅವರು ಹೇಳಿದ ಆ ಮಾತು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ. ಅದಕ್ಕೇ ಈ ಪತ್ರ.

ಆ ರಾತ್ರಿ ಗುಂಡಿಯ ಹಿಂಭಾಗವನ್ನು ಒಂದು ರೂಪಾಯಿ ನಾಣ್ಯದಿಂದ ತಿರುಗಿಸಿ ತೆಗೆದೆ. ಒಳಗೆ ಬಿಲ್ಲೆಯಂಥ ಸಣ್ಣ ಬ್ಯಾಟರಿ. ಪೂರ್ತಿ ಸತ್ತಿತ್ತು. ಗುಂಡಿ ಕೆಟ್ಟಿರಲಿಲ್ಲ, ಸೈರನ್ನೂ ಸರಿ ಇತ್ತು. ಕೆಲವೇ ರೂಪಾಯಿಯ ಬಿಲ್ಲೆ ಬದಲಿಸಬೇಕಿತ್ತು, ಅಷ್ಟೇ. ಬದಲಿಸಬೇಕು ಅಂತ ನಮಗೆ ಗೊತ್ತೇ ಇರಲಿಲ್ಲ.

ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂಟಿ ಮನೆ. ಪಕ್ಕದ ಮನೆ ಅಂದರೆ ಗದ್ದೆಯಾಚೆ ಅರ್ಧ ಕಿಲೋಮೀಟರ್. ಮಗ, ಸೊಸೆ ಬೆಂಗಳೂರಿನಲ್ಲಿದ್ದಾರೆ. ಕೊಯ್ಲಿನ ಕಾಲಕ್ಕೆ ಅಂಗಳದಲ್ಲಿ, ಅಟ್ಟದಲ್ಲಿ ಅಡಿಕೆ ಇರುತ್ತದೆ. ಒಣಗಿಸಿದ ಅಡಿಕೆಯನ್ನು ರಾತ್ರೋರಾತ್ರಿ ಮೂಟೆ ಸಮೇತ ಹೊತ್ತೊಯ್ದ ಸುದ್ದಿಯನ್ನು ನಿಮ್ಮ ಪತ್ರಿಕೆಯಲ್ಲೇ ಓದುತ್ತಿರುತ್ತೇವೆ. ಅದಕ್ಕೆ 2021ರಲ್ಲಿ ದೀಪಾವಳಿ ಕಳೆದ ಮೇಲೆ ಮಗ ವೈರ್‌ಲೆಸ್ ಅಲಾರಂ ಹಾಕಿಸಿದ. ಹಳೇ ಮಣ್ಣಿನ ಗೋಡೆ, ಹೆಂಚಿನ ಮಾಡು. ವೈರ್ ಎಳೆಯಲು ಗೋಡೆ ಕೊರೆಯುವ ಹಾಗಿಲ್ಲ. ವೈರ್‌ಲೆಸ್ಸೇ ಸರಿ ಅಂತ ನಮಗೂ ಅನಿಸಿತು.

ಇಬ್ಬರು ಹುಡುಗರು ಬಂದು ಅರ್ಧ ದಿನದಲ್ಲಿ ಎಲ್ಲ ಅಂಟಿಸಿದರು. ಒಳ್ಳೇ ಹುಡುಗರು, ಊಟ ಮಾಡಿಕೊಂಡೇ ಹೋದರು. "ಬ್ಯಾಟರಿ?" ಅಂತ ಯಜಮಾನರು ಕೇಳಿದ್ದಕ್ಕೆ "ಮೂರು ವರ್ಷ ಬರುತ್ತೆ ಸಾರ್, ಯೋಚನೆ ಬೇಡ" ಅಂದರು. ಇಂಗ್ಲಿಷಿನ ಸಣ್ಣ ಪುಸ್ತಕ ಒಂದನ್ನು ಕೊಟ್ಟರು. ಅಕ್ಷರ ಸಾಸಿವೆಯಷ್ಟು. ಅಲ್ಲಿಗೆ ಮುಗಿಯಿತು.

ವೈರ್ ಇಲ್ಲ ಅಂದರೆ ಕರೆಂಟು ಎಲ್ಲಿಂದ ಬರಬೇಕು? ಪ್ರತಿಯೊಂದು ಡಬ್ಬಿಗೂ ತನ್ನದೇ ಬ್ಯಾಟರಿ. ಇದನ್ನು ನಾನು ಲೆಕ್ಕ ಹಾಕಿದ್ದು ಅತ್ತೆ ಬಿದ್ದ ಮೇಲೆ. ನಾಲ್ಕು ಬಾಗಿಲಿನ ಸೆನ್ಸರ್, ಒಂದೊಂದಕ್ಕೆ ಒಂದು. ಜಗಲಿಯ ಸೈರನ್ನಿಗೆ ಎರಡು. ಜನ ಓಡಾಡಿದರೆ ಹಿಡಿಯುವ ಡಬ್ಬಿಗಳು ಎರಡು, ಅವಕ್ಕೆ ಎರಡೆರಡು ಪೆನ್ಸಿಲ್ ಸೆಲ್. ಎರಡು ರಿಮೋಟ್ ಮತ್ತು ಅತ್ತೆಯ ಗುಂಡಿಗೆ ಬಿಲ್ಲೆ. ಒಟ್ಟು 13. ಇದಲ್ಲದೆ, ಈ ಎಲ್ಲ ಡಬ್ಬಿಗಳ ಸುದ್ದಿ ಕೇಳಿ ಸೈರನ್ ಕೂಗಿಸುವ ಗೋಡೆಯ ಪ್ಯಾನೆಲ್ ಒಳಗೆ ಒಂದು ದೊಡ್ಡದು. ಹೀಗೆ 14 ಬ್ಯಾಟರಿ ಮನೆಯಲ್ಲಿ ಇದ್ದವು. ಒಂದನ್ನಾದರೂ ಹೇಗೆ ತೆಗೆಯುವುದು ಅಂತ ನಮಗೆ ಗೊತ್ತಿರಲಿಲ್ಲ.

ಸೂಚನೆ ಬಂದೇ ಇರಲಿಲ್ಲ ಅಂತ ಹೇಳುವ ಹಾಗಿಲ್ಲ. ಅದರ ಹಿಂದಿನ ಚಳಿಗಾಲದಲ್ಲಿ ಬೆಳಗಿನ ಜಾವ ಪ್ಯಾನೆಲ್ ಕೀಂ ಅನ್ನುತ್ತಿತ್ತು. ಬಿಸಿಲೇರಿದ ಮೇಲೆ ಸುಮ್ಮನಾಗುತ್ತಿತ್ತು. ನೋಡಿದರೆ "ಲೋ ಬ್ಯಾಟ್ 05" ಅಂತ ಇಂಗ್ಲಿಷಿನಲ್ಲಿ ಬರುತ್ತಿತ್ತು. ಐದು ಅಂದರೆ ಏನು? ಐದು ದಿನವೋ, ಐದು ಪರ್ಸೆಂಟೋ? ಅದು ಹಿತ್ತಲ ಬಾಗಿಲಿನ ಸೆನ್ಸರ್ ನಂಬರ್ ಅಂತ ಈಗ ಗೊತ್ತು. ಚಳಿಗೆ ಬ್ಯಾಟರಿಯ ಶಕ್ತಿ ತಗ್ಗುತ್ತದೆ. ಕೊನೆಗಾಲಕ್ಕೆ ಬಂದ ಬ್ಯಾಟರಿ ಬೆಳಗಿನ ಜಾವ ಸೋಲುತ್ತದೆ, ಬಿಸಿಲು ಬಂದರೆ ಸ್ವಲ್ಪ ಚೇತರಿಸಿಕೊಳ್ಳುತ್ತದೆ. ಆ ಕೀಂ ನಿಂತಿತು ಅಂದರೆ ಸರಿಹೋಯಿತು ಅಂತ ನಾವು ತಿಳಿದುಕೊಂಡೆವು. ಹಾಗಲ್ಲ. ಈ ಲಿಥಿಯಂ ಬ್ಯಾಟರಿಗಳು ಕೊನೆಯವರೆಗೂ ಚೆನ್ನಾಗೇ ಇದ್ದ ಹಾಗೆ ಕಂಡು ಆಮೇಲೆ ಒಮ್ಮೆಲೇ ಕುಸಿಯುತ್ತವೆ. ಸೂಚನೆ ಬಂದ ವಾರದಲ್ಲೇ ಬದಲಿಸಬೇಕು.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ನಮ್ಮ ಬಾಗಿಲಿನ ಸೆನ್ಸರ್‌ಗಳು ಆಗಾಗ ತಾವಾಗಿಯೇ ಪ್ಯಾನೆಲ್‌ಗೆ ಸುದ್ದಿ ಕಳಿಸುತ್ತವೆ. ಬ್ಯಾಟರಿ ಇಳಿದರೆ ಪ್ಯಾನೆಲ್‌ಗೆ ಗೊತ್ತಾಗುತ್ತದೆ. ಕೊರಳಿನ ಗುಂಡಿ ಹಾಗಲ್ಲ. ಅದು ಮಾತಾಡುವುದು ಒತ್ತಿದಾಗ ಮಾತ್ರ. ಹಾಕಿದ ದಿನ ಹುಡುಗರು ಒಂದು ಸಲ ಒತ್ತಿ ತೋರಿಸಿದ್ದರು. ಆಮೇಲೆ ಅತ್ತೆ ಬೀಳುವವರೆಗೂ ಯಾರೂ ಒತ್ತಿರಲಿಲ್ಲ, ಸುಮ್ನೆ ಒತ್ತಿದರೆ ಗಲಾಟೆ ಆಗುತ್ತದಲ್ಲ ಅಂತ. ತಿಂಗಳಿಗೊಮ್ಮೆ ಒತ್ತಿ ನೋಡಿ ಅನ್ನುವ ಒಂದು ಮಾತು ಆ ದಿನ ಯಾರಾದರೂ ಹೇಳಿದ್ದರೆ ಸಾಕಿತ್ತು. ವಯಸ್ಸಾದವರ ಕೊರಳಿಗೆ ಇಂಥ ಗುಂಡಿ ಹಾಕಿರುವ ಎಲ್ಲರೂ, ದಯವಿಟ್ಟು, ಈ ಪತ್ರ ಓದಿದ ಕೂಡಲೇ ಒಂದು ಸಲ ಒತ್ತಿ ನೋಡಿ.

ಅಲಾರಂ ಹಾಕಿದವರಿಗೆ ಫೋನ್ ಮಾಡಿದೆವು. ಬಂದು ಹೋಗಲು 800 ರೂಪಾಯಿ, ಬ್ಯಾಟರಿ ಬೇರೆ, ಮುಂದಿನ ವಾರ ನೋಡೋಣ ಅಂದರು. ದುಡ್ಡು ಕೇಳಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಶಿವಮೊಗ್ಗದಿಂದ ತೀರ್ಥಹಳ್ಳಿಗೇ 60 ಕಿಲೋಮೀಟರ್‌ಗಿಂತ ಜಾಸ್ತಿ. ಅಲ್ಲಿಂದ ನಮ್ಮ ಮಣ್ಣು ರಸ್ತೆ ಹತ್ತಿ ಬರಬೇಕು. ಆದರೆ ಟಾರ್ಚಿಗೆ ಸೆಲ್ ಹಾಕುವಷ್ಟೇ ಸುಲಭದ ಕೆಲಸಕ್ಕೆ ಇಷ್ಟು ದೂರದಿಂದ ಒಬ್ಬರು ಬರಬೇಕಾ? ವಾರ ಕಳೆಯಿತು, ಯಾರೂ ಬರಲಿಲ್ಲ. ನಾನೇ ಮಾಡುತ್ತೇನೆ ಅಂತ ಹೊರಟೆ.

ಮೊದಲನೇ ಪಾಠ ಪೇಟೆಯ ಅಂಗಡಿಯಲ್ಲಿ ಆಯಿತು. ಗುಂಡಿಯಿಂದ ತೆಗೆದ ಬಿಲ್ಲೆಯ ಮೇಲೆ ಸಿಆರ್2032 ಅಂತ ಇತ್ತು. ಅಂಗಡಿಯವರು ಸಿಆರ್2025 ಕೊಟ್ಟು "ಎಲ್ಲ ಒಂದೇ ಅಮ್ಮ, ಮೂರು ವೋಲ್ಟೇ" ಅಂದರು. ತಂದು ಹಾಕಿದೆ. ಒಮ್ಮೆ ಕೆಲಸ ಮಾಡಿತು, ಒಮ್ಮೆ ಇಲ್ಲ. ಗುಂಡಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಕಟಕಟ. ಎರಡು ಬಿಲ್ಲೆಗಳನ್ನೂ ಮೇಜಿನ ಮೇಲೆ ಒಂದರ ಪಕ್ಕ ಒಂದು ಇಟ್ಟು ಮಗನ ಹಳೇ ಜಾಮಿಟ್ರಿ ಬಾಕ್ಸಿನ ಸ್ಕೇಲ್ ತಂದು ಅಳೆದೆ. ಅಗಲ ಎರಡೂ ಒಂದೇ. ದಪ್ಪ ಬೇರೆ. ಆ ನಂಬರಿನಲ್ಲೇ ಎಲ್ಲ ಇದೆ ಅಂತ ಆಗ ತಿಳಿಯಿತು. 20 ಅಂದರೆ ಅಗಲ 20 ಮಿಲಿಮೀಟರ್. 32 ಅಂದರೆ ದಪ್ಪ 3.2 ಮಿಲಿಮೀಟರ್, 25 ಅಂದರೆ 2.5. ಅಷ್ಟು ತೆಳು ಆದರೆ ಒಳಗಿನ ತಗಡಿಗೆ ಸರಿಯಾಗಿ ತಾಗುವುದಿಲ್ಲ. ವೋಲ್ಟ್ ಒಂದೇ ಅನ್ನುವುದು ನಿಜ. ಆದರೆ ಬಿದ್ದವರು ಒತ್ತಿದಾಗ ಒಮ್ಮೆ ತಾಗಿ ಒಮ್ಮೆ ತಾಗದಿದ್ದರೆ ಏನು ಬಂತು?

ಬಾಗಿಲಿನ ಸೆನ್ಸರ್‌ಗೆ ಬೇಕಾದ್ದು ಸಿಆರ್123ಎ. ಗಿಡ್ಡ, ದಪ್ಪ ಬ್ಯಾಟರಿ, ಇದೂ ಮೂರು ವೋಲ್ಟ್. ತೀರ್ಥಹಳ್ಳಿಯಲ್ಲಿ ನಾನು ಕೇಳಿದ ಐದು ಅಂಗಡಿಯಲ್ಲೂ ಇರಲಿಲ್ಲ. ಮಗ ಆನ್‌ಲೈನಿನಲ್ಲಿ ತರಿಸಿದ. ಬಂದದ್ದು ನೋಡಲು ಹಾಗೇ ಇತ್ತು, ಆದರೆ ಮೇಲೆ 3.7 ವೋಲ್ಟ್, ರೀಚಾರ್ಜಬಲ್ ಅಂತ ಇತ್ತು. ಪುಣ್ಯಕ್ಕೆ ಹಾಕುವ ಮೊದಲು ಕನ್ನಡಕ ಹಾಕಿಕೊಂಡು ಓದಿದೆ. ಪೂರ್ತಿ ಚಾರ್ಜ್ ಆದಾಗ ಅದು 4.2 ವೋಲ್ಟ್ ಮುಟ್ಟುತ್ತದೆ. ಮೂರು ವೋಲ್ಟಿನ ಸೆನ್ಸರ್ ಸುಟ್ಟೇ ಹೋಗಬಹುದು. ಹಾಗೇ ಮೂರು ವೋಲ್ಟಿನ ಮಾಮೂಲಿ ಸಿಆರ್123ಎ ಬ್ಯಾಟರಿಯನ್ನು ಚಾರ್ಜರಿಗೆ ಹಾಕಲೂಬಾರದು, ಅದು ಸಿಡಿಯಬಹುದು. ಕೊನೆಗೆ ಶಿವಮೊಗ್ಗದಲ್ಲಿ ಒಂದು ಹಳೇ ಫೋಟೋ ಸ್ಟುಡಿಯೋದಲ್ಲಿ ಸಿಕ್ಕಿತು. "ರೀಲಿನ ಕ್ಯಾಮೆರಾಕ್ಕೆ ಹಾಕ್ತಿದ್ವಿ ಇದನ್ನ, ಈಗ ಕೇಳೋರೇ ಇಲ್ಲ" ಅಂದರು ಅಲ್ಲಿನ ಹಿರಿಯರು. ಅವರೇ ಪ್ಯಾಕೆಟ್ ತಿರುಗಿಸಿ ಮುದ್ರಿಸಿದ್ದ ವರ್ಷ ತೋರಿಸಿದರು, "ಇದು ಹಳೇದು, ನಿಮಗೆ ಬೇಡ" ಅಂತ ಒಂದನ್ನು ಪಕ್ಕಕ್ಕಿಟ್ಟು ಉಳಿದದ್ದು ಕೊಟ್ಟರು. ಅಂಥವರು ಊರಿಗೊಬ್ಬರು ಇರಬೇಕು.

ಎರಡನೇ ಪಾಠ ಹಿತ್ತಲ ಬಾಗಿಲ ಹತ್ತಿರ. ಏಣಿ ಇಟ್ಟು ಹತ್ತಿ ಸೆನ್ಸರಿನ ಮುಚ್ಚಳ ತೆಗೆದೆ ನೋಡಿ, ಸೈರನ್ ಹೊಡೆದುಕೊಂಡಿತು. ಕೊಟ್ಟಿಗೆಯ ದನ ಹಗ್ಗ ಜಗ್ಗಿದವು. ಗದ್ದೆಯಾಚೆಯ ಮನೆಯವರು ಕತ್ತಿ ಹಿಡಿದೇ ಓಡಿ ಬಂದರು. ಕಳ್ಳರು ಬಿಚ್ಚಬಾರದು ಅಂತ ಮುಚ್ಚಳದ ಒಳಗೆ ಒಂದು ಸಣ್ಣ ಸ್ಪ್ರಿಂಗ್ ಸ್ವಿಚ್ ಇಟ್ಟಿರುತ್ತಾರೆ. ಮುಚ್ಚಳ ಎದ್ದರೆ ಅದು ಪ್ಯಾನೆಲ್‌ಗೆ ದೂರು ಕೊಡುತ್ತದೆ. ಮೊದಲು ಪ್ಯಾನೆಲ್ ಅನ್ನು ಟೆಸ್ಟ್ ಮೋಡ್‌ಗೆ ಹಾಕಿಕೊಳ್ಳಬೇಕು. ನಮ್ಮದಕ್ಕೆ ಅದರ ಕೋಡ್ ಬೇರೆ ಇತ್ತು, ಅದು ಹಾಕಿದವರ ಬಳಿ ಮಾತ್ರ ಇತ್ತು. ಮೂರು ಸಲ ಫೋನ್ ಮಾಡಿದ ಮೇಲೆ ಕೊಟ್ಟರು. ನಮ್ಮ ಮನೆಯ ಯಂತ್ರದ ಕೋಡ್ ನಮಗೆ ಕೊಡಲು ಮೂರು ಫೋನ್ ಯಾಕೆ?

ಕೋಡ್ ಸಿಕ್ಕ ಮೇಲೆ ಕೆಲಸ ಬೇಗ ಆಯಿತು. ಹಳೇದು ತೆಗೆದು ಒಂದು ನಿಮಿಷ ಬಿಡಬೇಕು, ಒಳಗೆ ಉಳಿದ ಚೂರು ಕರೆಂಟು ಇಳಿಯಲಿ ಅಂತ. ಕೂಡಲೇ ಹೊಸದು ಹಾಕಿದರೆ ಕೆಲವು ಡಬ್ಬಿಗಳು ಬ್ಯಾಟರಿ ಬದಲಾದದ್ದನ್ನೇ ಒಪ್ಪುವುದಿಲ್ಲ, ಲೋ ಬ್ಯಾಟ್ ಅಂತಲೇ ತೋರಿಸುತ್ತಿರುತ್ತವೆ. ಕೂಡಿಸು, ಕಳೆ ಗುರುತು ನೋಡಿ ಹೊಸದು ಹಾಕುವುದು. ಎರಡು ಸೆಲ್ ಇರುವ ಕಡೆ ಎರಡನ್ನೂ ಒಟ್ಟಿಗೇ ಬದಲಿಸುವುದು, ಒಂದು ಹಳೇದು ಒಂದು ಹೊಸದು ಸೇರಿಸಬಾರದು. ಮುಚ್ಚಳ ಹಾಕಿ ಬಾಗಿಲು ತೆಗೆದು ಮುಚ್ಚಿ ಪ್ಯಾನೆಲ್‌ಗೆ ಗೊತ್ತಾಯಿತಾ ಅಂತ ನೋಡುವುದು. ಬದಲಿಸಿದ ತಾರೀಕನ್ನು ಮುಚ್ಚಳದ ಒಳಗೆ ಬರೆಯುವುದು. ಹತ್ತು ನಿಮಿಷದ ಕೆಲಸ.

ಮಲೆನಾಡಿನವರಿಗೆ ಮಾತ್ರ ಗೊತ್ತಿರುವ ಒಂದು ತೊಂದರೆ ಇದೆ, ಅದು ಯಾವ ಪುಸ್ತಕದಲ್ಲೂ ಇರಲಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಬಟ್ಟೆಯೇ ಒಣಗುವುದಿಲ್ಲ. ಕೊಟ್ಟಿಗೆ ಕಡೆಯ ಸೆನ್ಸರ್ ತೆಗೆದರೆ ಸ್ಪ್ರಿಂಗಿನ ಮೇಲೆ ಮೈಲುತುತ್ತದ ಬಣ್ಣದ ಕಿಲುಬು. ಇನ್ನೊಂದರಲ್ಲಿ ಪೆನ್ಸಿಲ್ ಸೆಲ್ ಸೋರಿ ಬಿಳೀ ಪುಡಿ ಕಟ್ಟಿತ್ತು. ಆ ಪುಡಿಯನ್ನು ಬರಿಗೈಯಲ್ಲಿ ಮುಟ್ಟಬಾರದು, ಅದು ಕ್ಷಾರ. ಹತ್ತಿಗೆ ನಿಂಬೆರಸ ಅದ್ದಿ ಒರೆಸಿದೆ, ಆಮೇಲೆ ಒದ್ದೆ ಹತ್ತಿ, ಆಮೇಲೆ ಒಣ ಬಟ್ಟೆ. ಪೂರ್ತಿ ಆರಿದ ಮೇಲೆ ಹೊಸ ಸೆಲ್ ಹಾಕಿದೆ. ಕೆಲಸ ಮಾಡಿತು. ಹೊಸ ಬ್ಯಾಟರಿ ಹಾಕಿದರೂ ಆಗಲಿಲ್ಲ ಅಂದರೆ ಡಬ್ಬಿ ಬಿಸಾಡುವ ಮೊದಲು ಈ ಕಿಲುಬು ನೋಡಿ. ಮಳೆಗಾಲ ಮುಗಿದ ಕೂಡಲೇ, ಕೊಯ್ಲು ಶುರುವಾಗುವ ಮೊದಲು, ಎಲ್ಲವನ್ನೂ ಒಮ್ಮೆ ಬಿಚ್ಚಿ ನೋಡುವುದು ನಮಗೆ ಸರಿಯಾದ ಸಮಯ.

ಪ್ಯಾನೆಲ್ ಒಳಗಿನ ದೊಡ್ಡ ಬ್ಯಾಟರಿಯ ಬಗ್ಗೆಯೂ ಹೇಳಬೇಕು. ಮರ ಬಿದ್ದು ಲೈನ್ ಹೋದರೆ ನಮ್ಮಲ್ಲಿ ಎರಡು ದಿನ, ಮೂರು ದಿನ ಕರೆಂಟು ಇರುವುದಿಲ್ಲ. ಪ್ಯಾನೆಲ್ ಬ್ಯಾಟರಿ ಅಷ್ಟು ತಾಳುವುದಿಲ್ಲ. ಪ್ಯಾನೆಲ್ ಮಲಗಿದರೆ ಉಳಿದ 13 ಬ್ಯಾಟರಿ ಎಷ್ಟು ಹೊಸದಿದ್ದರೂ ಉಪಯೋಗ ಇಲ್ಲ. ಮನೆಯಲ್ಲಿ ಯುಪಿಎಸ್ ಇದ್ದರೆ ಪ್ಯಾನೆಲ್‌ನ ಪ್ಲಗ್ ಅದರ ಲೈನಿಗೆ ಹಾಕಿಸಿಕೊಳ್ಳಿ. ನಮ್ಮ ಮನೆಯಲ್ಲಿ ಟಿವಿಗೆ ಆ ಲೈನ್ ಇತ್ತು, ಅಲಾರಂಗೆ ಇರಲಿಲ್ಲ.

ನಮ್ಮ ಸುತ್ತಿನ ನಾಲ್ಕು ಮನೆಗಳಲ್ಲಿ ಇಂಥ ಅಲಾರಂ ಇದೆ. ವಿಚಾರಿಸಿದೆ. ಎರಡು ಮನೆಯಲ್ಲಿ ರಾತ್ರಿ ಕೀಂ ಕೀಂ ತಡೆಯಲಾಗದೆ ಪ್ಲಗ್ ಕಿತ್ತಿಟ್ಟಿದ್ದಾರೆ. ಎರಡೂ ಮನೆಯಲ್ಲಿ ಇರುವುದು ಗಂಡ ಹೆಂಡತಿ ಇಬ್ಬರೇ, ಇಬ್ಬರಿಗೂ ಎಪ್ಪತ್ತು ದಾಟಿದೆ. ಬೆಂಗಳೂರಿನಲ್ಲಿರುವ ಮಕ್ಕಳು ಅಪ್ಪ ಅಮ್ಮನಿಗೆ ಕಾವಲಿದೆ ಅಂತ ನಂಬಿಕೊಂಡಿದ್ದಾರೆ. ಅಲಾರಂ ಇಲ್ಲದ ಮನೆಯವರು ನಾಯಿ ಸಾಕುತ್ತಾರೆ, ಹೊರಗೆ ಹೋಗುವಾಗ ಯಾರಿಗಾದರೂ ಹೇಳಿ ಹೋಗುತ್ತಾರೆ. ಇದೆ ಅಂತ ನಂಬಿದವರು ಅದನ್ನೂ ಬಿಟ್ಟಿರುತ್ತಾರೆ, ನಾವು ಅತ್ತೆಯನ್ನು ಒಬ್ಬರನ್ನೇ ಬಿಟ್ಟು ಹೋದ ಹಾಗೆ.

ಹಾಗಾಗಿ ಅಲಾರಂ ಮಾರುವವರಲ್ಲಿ, ಹಾಕುವವರಲ್ಲಿ ನನ್ನದೊಂದೇ ಬೇಡಿಕೆ. ಕೆಲಸ ಮುಗಿಸಿ ಹೊರಡುವ ಮೊದಲು ಮನೆಯಲ್ಲಿರುವ ಒಬ್ಬರ ಕೈಯಲ್ಲೇ ಒಂದು ಬ್ಯಾಟರಿ ತೆಗೆಸಿ, ಹಾಕಿಸಿ. ನೀವು ಮಾಡಿ ತೋರಿಸಿದರೆ ಸಾಲದು, ಅವರ ಕೈಯಲ್ಲೇ ಆಗಬೇಕು. ದಿನಾ ಮನೆಯಲ್ಲಿರುವವರ ಕೈಯಲ್ಲಿ ಆಗಬೇಕು, ದುಡ್ಡು ಕೊಟ್ಟ ಮಗನ ಕೈಯಲ್ಲಿ ಅಲ್ಲ. ಕನ್ನಡದಲ್ಲಿ ಒಂದು ಹಾಳೆ ಬರೆದು ಕೊಡಿ. ಯಾವ ನಂಬರ್ ಯಾವ ಬಾಗಿಲು, ಯಾವುದಕ್ಕೆ ಯಾವ ಬ್ಯಾಟರಿ, ಎಷ್ಟು, ಟೆಸ್ಟ್ ಮೋಡ್‌ಗೆ ಹೇಗೆ ಹಾಕುವುದು. ಒಂದು ಹಾಳೆ ಸಾಕು. ನಾನು ಬರೆದುಕೊಂಡದ್ದನ್ನು ದೇವರ ಕೋಣೆಯ ಪಕ್ಕದ ಕಪಾಟಿನ ಬಾಗಿಲ ಒಳಗೆ ಅಂಟಿಸಿದ್ದೇನೆ. ಅತ್ತೆಯ ಗುಂಡಿಯನ್ನು ಪ್ರತಿ ತಿಂಗಳ ಹುಣ್ಣಿಮೆಯ ದಿನ ಒತ್ತಿ ನೋಡುತ್ತೇವೆ. ಅತ್ತೆಯೇ ನೆನಪಿಸುತ್ತಾರೆ.

ಕೊನೆಯದಾಗಿ ಸತ್ತ ಬ್ಯಾಟರಿಗಳ ವಿಷಯ. ಬಿಲ್ಲೆ ಬ್ಯಾಟರಿ ಮಕ್ಕಳ ಕೈಗೆ ಸಿಗಲೇಬಾರದು. ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಡುತ್ತದೆ. ಖಾಲಿಯಾದದ್ದರಲ್ಲೂ ಅಷ್ಟು ಶಕ್ತಿ ಉಳಿದಿರುತ್ತದೆ. ನುಂಗಿರಬಹುದು ಅಂತ ಅನುಮಾನ ಬಂದರೂ ಕಾಯದೆ ಆಸ್ಪತ್ರೆಗೆ ಓಡಬೇಕು. ಬೇಸಿಗೆ ರಜೆಗೆ ಮೊಮ್ಮಕ್ಕಳು ಬರುವ ಮನೆಗಳು ನಮ್ಮವು, ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆ. ಬಚ್ಚಲ ಒಲೆಗೆ ಹಾಕಿದರೆ ಸಿಡಿಯುತ್ತದೆ. ತಿಪ್ಪೆಗೆ ಎಸೆದರೆ ಗೊಬ್ಬರದ ಜೊತೆ ನಮ್ಮದೇ ತೋಟಕ್ಕೆ ಹೋಗುತ್ತದೆ. ಹಳ್ಳಕ್ಕೆ ಎಸೆದರೆ ತುಂಗೆಗೆ.

ಹಾಗಾದರೆ ಎಲ್ಲಿಗೆ? ಬ್ಯಾಟರಿ ತಯಾರಿಸುವವರೇ ಹಳೇದನ್ನು ವಾಪಸ್ ಸಂಗ್ರಹಿಸುವ ಹೊಣೆ ಹೊರಬೇಕು ಅಂತ ಕೇಂದ್ರ ಸರ್ಕಾರ 2022ರಲ್ಲೇ ನಿಯಮ ಮಾಡಿದೆ. ನಮ್ಮ ಊರಿಗೆ ಆ ಸಂಗ್ರಹದ ಡಬ್ಬ ಇನ್ನೂ ಬಂದಿಲ್ಲ. ಗ್ರಾಮ ಪಂಚಾಯ್ತಿಯಲ್ಲಿ ಒಂದು ಇಡಬಹುದು. ಅಡಿಕೆ ಬೆಳೆಗಾರರು ಹೇಗೂ ಹೋಗಿ ಬರುವ ಮ್ಯಾಮ್ಕೋಸ್‌ನಂಥ ಸಂಘಗಳಲ್ಲೂ ಇಡಬಹುದು, ಅಲ್ವಾ? ಅಲ್ಲೇ ಸಿಆರ್123ಎ, ಸಿಆರ್2032 ಹೊಸ ಬ್ಯಾಟರಿಗಳೂ ನಾಲ್ಕು ಸಿಗುವ ಹಾಗೆ ಮಾಡಿದರೆ ವಯಸ್ಸಾದವರು ಶಿವಮೊಗ್ಗದವರೆಗೆ ಅಲೆಯುವುದು ತಪ್ಪುತ್ತದೆ.

ನಾನು ಸದ್ಯಕ್ಕೆ ಎರಡು ತುದಿಗೂ ಟೇಪ್ ಸುತ್ತಿ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ, ಎತ್ತರದ ಅಲಮಾರಿನಲ್ಲಿ ಇಟ್ಟಿದ್ದೇನೆ. ನಮ್ಮ ಮನೆಯ 13, ಪಕ್ಕದ ಮನೆಯ 9, ಒಟ್ಟು 22 ಆಗಿವೆ. ಎಲ್ಲಿಗೆ ತಂದು ಕೊಡಬೇಕು ಅಂತ ಸಂಬಂಧಪಟ್ಟವರು ನಿಮ್ಮ ಪತ್ರಿಕೆಯ ಮೂಲಕ ತಿಳಿಸಿದರೆ ಮರುದಿನದ ಬಸ್ಸಿಗೇ ತರುತ್ತೇನೆ.

ಇಂತಿ,
ಅಡಿಕೆ ಬೆಳೆಗಾರರ ಮನೆಯ ಗೃಹಿಣಿ,
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ

(ಮನೆಯ ಕಾವಲಿನ ವಿವರ ಬರೆದಿರುವುದರಿಂದ ಹೆಸರು, ಊರು ಪ್ರಕಟಿಸಬೇಡಿ ಎಂದು ವಿನಂತಿ. ಎರಡನ್ನೂ ಪ್ರತ್ಯೇಕ ಹಾಳೆಯಲ್ಲಿ ಬರೆದು ಲಗತ್ತಿಸಿದ್ದೇನೆ.)